ಗೊರಕೆಗೆ ಇಂಜೆಕ್ಷನ್ ಬಂದಿದೆ, ಹಾಗಾದರೆ ಮಾಸ್ಕ್ ಬೇಡವೇ?

2024ರ ಡಿಸೆಂಬರ್ 20ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬೊಜ್ಜು ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಸ್ಲೀಪ್ ಆಪ್ನಿಯಾಗೂ ಬಳಸಬಹುದೆಂದು ಒಪ್ಪಿಗೆ ಕೊಟ್ಟಿತು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವ ಈ ಕಾಯಿಲೆಗೆಂದೇ ಔಷಧವೊಂದು ಅಂಗೀಕಾರ ಪಡೆದದ್ದು ಅದೇ ಮೊದಲು. ಮೂರು ತಿಂಗಳ ಬಳಿಕ, 2025ರ ಮಾರ್ಚ್‌ನಲ್ಲಿ, ಅದೇ ಮದ್ದು ಮೌಂಜಾರೊ ಎಂಬ ಹೆಸರಿನಲ್ಲಿ ಭಾರತದ ಔಷಧ ಅಂಗಡಿಗಳಿಗೂ ಬಂತು. ಇಲ್ಲಿ ಅದು ಬಂದದ್ದು ಮಧುಮೇಹ ಮತ್ತು ಬೊಜ್ಜಿನ ಔಷಧವಾಗಿ. ಆದರೂ ‘ಗೊರಕೆಗೆ ಇಂಜೆಕ್ಷನ್’ ಎಂಬ ಮಾತು ಅದರ ಹಿಂದೆಯೇ ಹರಡಿತು.

ಗೊಂದಲ ಶುರುವಾಗುವುದು ಇಲ್ಲಿಂದ. ಸ್ಲೀಪ್ ಆಪ್ನಿಯಾ ಇದೆ ಎಂದು ಗೊತ್ತಾದವರಿಗೆ ವೈದ್ಯರು ಈವರೆಗೆ ಹೇಳುತ್ತಿದ್ದದ್ದು ಸಿಪ್ಯಾಪ್ ಯಂತ್ರ, ಅಂದರೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗುವುದು. ಈಗ ಮಾಸ್ಕ್ ಬಿಟ್ಟು ಚುಚ್ಚುಮದ್ದು ಹಾಕಿಸಿಕೊಂಡರೆ ಸಾಕೇ? ಮಾಸ್ಕ್ ಹಾಕಿಕೊಂಡರೂ ಹೃದಯಾಘಾತ ಕಡಿಮೆಯಾಗಲಿಲ್ಲ ಎಂದು ಹಿಂದೊಂದು ದೊಡ್ಡ ಅಧ್ಯಯನ ಹೇಳಿತ್ತಲ್ಲ, ಅದರ ಕಥೆಯೇನು? ಕಾಯಿಲೆಯ ಮೂಲ ಬೊಜ್ಜೋ, ಆಮ್ಲಜನಕದ ಕೊರತೆಯೋ, ಇತ್ತೀಚೆಗೆ ಎಲ್ಲ ರೋಗಗಳ ಜೊತೆಗೂ ಕೇಳಿಬರುವ ‘ಉರಿಯೂತ’ವೋ?

ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಮಾಸ್ಕ್ ಒಂದು ಎಳೆಯನ್ನು ಬಿಡಿಸುತ್ತದೆ, ತೂಕ ಇಳಿಸುವುದು ಮತ್ತೊಂದನ್ನು. ಒಂದರ ಕೆಲಸವನ್ನು ಇನ್ನೊಂದು ಪೂರ್ತಿಯಾಗಿ ಮಾಡುವುದಿಲ್ಲ. ಇಷ್ಟು ತಿಳಿದರೆ ಸುದ್ದಿಯ ಅರ್ಧ ಗೊಂದಲ ಕರಗುತ್ತದೆ. ಉಳಿದರ್ಧಕ್ಕೆ ಸ್ವಲ್ಪ ತಾಳ್ಮೆ ಬೇಕು.

ರಾತ್ರಿ ಗಂಟಲಿನಲ್ಲಿ ಆಗುವುದೇನು

ಪಂಪ್‌ಸೆಟ್ ಇರುವ ರೈತರಿಗೆ ಇದನ್ನು ವಿವರಿಸುವುದು ಸುಲಭ. ಬಾವಿಯಿಂದ ನೀರು ಹೀರುವ ಕಡೆಗೆ ಯಾವಾಗಲೂ ಗಟ್ಟಿ ಪೈಪನ್ನೇ ಹಾಕುತ್ತಾರೆ. ಅಲ್ಲಿ ಮೆತ್ತನೆಯ ಪೈಪು ಹಾಕಿದರೆ ಹೀರುವ ಸೆಳೆತಕ್ಕೆ ಅದು ಚಪ್ಪಟೆಯಾಗಿ ನೀರೇ ಬರುವುದಿಲ್ಲ. ನೀರು ಹೊರಹೋಗುವ ಕಡೆ ಮೆತ್ತನೆಯ ಪೈಪಿದ್ದರೂ ನಡೆಯುತ್ತದೆ, ಏಕೆಂದರೆ ಅಲ್ಲಿ ಒಳಗಿನ ಒತ್ತಡವೇ ಪೈಪನ್ನು ಉಬ್ಬಿಸಿ ಇಡುತ್ತದೆ.

ನಮ್ಮ ಗಂಟಲು ಹೀರುವ ಕಡೆ ಇರುವ ಮೆತ್ತನೆಯ ಪೈಪು. ಮೂಗಿನ ಹಿಂದಿನಿಂದ ಧ್ವನಿಪೆಟ್ಟಿಗೆಯವರೆಗಿನ ಆ ಭಾಗಕ್ಕೆ ಮೂಳೆಯ ಆಸರೆ ಇಲ್ಲ. ಎಚ್ಚರವಿದ್ದಾಗ ನಾಲಿಗೆಯ ಬುಡದ ಮತ್ತು ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಡುತ್ತವೆ. ನಿದ್ದೆ ಬಂದೊಡನೆ ಅವು ಸಡಿಲಗೊಳ್ಳುತ್ತವೆ. ದಾರಿ ಅಗಲವಾಗಿದ್ದವರಿಗೆ ಇದರಿಂದ ತೊಂದರೆಯಿಲ್ಲ. ಮೊದಲೇ ಕಿರಿದಾಗಿದ್ದವರಿಗೆ ಮೊದಲು ಗೊರಕೆ, ಆಮೇಲೆ ಅರೆಬರೆ ಉಸಿರು, ಕೊನೆಗೆ ಪೂರ್ತಿ ತಡೆ. ಎದೆ, ಹೊಟ್ಟೆ ಎರಡೂ ಉಸಿರೆಳೆಯಲು ಹೆಣಗುತ್ತಿರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಮಿದುಳು ಅಪಾಯ ಅರಿತು ಒಂದು ಕ್ಷಣ ಎಚ್ಚರಿಸುತ್ತದೆ. ದೊಡ್ಡ ಸದ್ದಿನೊಂದಿಗೆ ಉಸಿರು ಮರಳುತ್ತದೆ. ಮಲಗಿದವರಿಗೆ ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಎಲ್ಲವೂ ಗೊತ್ತಿರುತ್ತದೆ.

ಹತ್ತು ಸೆಕೆಂಡಾದರೂ ಮುಂದುವರಿಯುವ ಇಂಥ ತಡೆಗಳು ಗಂಟೆಗೆ ಎಷ್ಟಾಗುತ್ತವೆ ಎಂಬ ಲೆಕ್ಕಕ್ಕೆ ಎಎಚ್‌ಐ ಎನ್ನುತ್ತಾರೆ. ಪೂರ್ತಿ ತಡೆಯೂ ಅರೆಬರೆ ತಡೆಯೂ ಇದರಲ್ಲಿ ಸೇರುತ್ತವೆ. ದೊಡ್ಡವರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಸಹಜ, 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಏಳು ಗಂಟೆಯ ನಿದ್ದೆಯಲ್ಲಿ 210 ಸಲ. ಗೊರಕೆ ಹೊಡೆಯುವವರನ್ನು ಕಂಡು ‘ಎಂಥ ಗಾಢ ನಿದ್ದೆ’ ಎನ್ನುವ ನಮ್ಮ ಮಾತು ಎಷ್ಟು ತಪ್ಪೆಂದು ಈ ಒಂದು ಲೆಕ್ಕದಿಂದಲೇ ತಿಳಿಯುತ್ತದೆ.

1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಸಿಪ್ಯಾಪ್ ಚಿಕಿತ್ಸೆಯನ್ನು ಲೋಕದ ಮುಂದಿಟ್ಟರು. ಮೂಗಿನಿಂದ ನಿರಂತರವಾಗಿ ಗಾಳಿ ಒತ್ತಿದರೆ, ಮೆತ್ತನೆಯ ಪೈಪು ಒಳಗಿನ ಒತ್ತಡದಿಂದಲೇ ತೆರೆದಿರುತ್ತದೆ. ಯಂತ್ರ ಮಾಡುವುದು ಅಷ್ಟೇ. ಹಾಕಿಕೊಂಡ ರಾತ್ರಿ ಉಸಿರು ಕಟ್ಟುವುದಿಲ್ಲ, ತೆಗೆದಿಟ್ಟ ರಾತ್ರಿ ಮತ್ತೆ ಕಟ್ಟುತ್ತದೆ.

ತೂಕ ಎಲ್ಲಿ ಹೋಗಿ ಕೂರುತ್ತದೆ

ಬೊಜ್ಜಿಗೂ ಗಂಟಲಿಗೂ ಸಂಬಂಧವೆಂದರೆ ಕತ್ತಿನ ಸುತ್ತಳತೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ನಿಜವಾದರೂ ಪೂರ್ತಿಯಲ್ಲ.

ಕೊಬ್ಬು ನಾಲಿಗೆಯೊಳಗೂ ತುಂಬಿಕೊಳ್ಳುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಶ್ವಾಬ್ ಅವರ ತಂಡ 67 ಜನರನ್ನು ತೂಕ ಇಳಿಸುವ ಮುನ್ನ ಮತ್ತು ನಂತರ ಎಂಆರ್‌ಐಗೆ ಒಳಪಡಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿತು. ದೇಹದ ತೂಕ ಸುಮಾರು 10% ಇಳಿದಾಗ ಆಪ್ನಿಯಾ ಸುಮಾರು 31% ತಗ್ಗಿತ್ತು. ಗಂಟಲಿನ ಸುತ್ತಮುತ್ತ ಆದ ಬದಲಾವಣೆಗಳಲ್ಲಿ ಈ ಸುಧಾರಣೆಗೆ ಹೆಚ್ಚು ಕಾರಣವಾದದ್ದು ನಾಲಿಗೆಯ ಕೊಬ್ಬು ಕರಗಿದ್ದು.

ಹೊಟ್ಟೆಯ ಪಾತ್ರ ಇನ್ನೂ ಸೂಕ್ಷ್ಮ. ಅಂಗಾತ ಮಲಗಿದಾಗ ಹೊಟ್ಟೆಯ ಭಾರ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು, ಎದೆಯ ಕಡೆಗೆ ತಳ್ಳುತ್ತದೆ. ಶ್ವಾಸಕೋಶದ ಜಾಗ ಕುಗ್ಗುತ್ತದೆ. ಶ್ವಾಸಕೋಶ ಹಿಗ್ಗಿದ್ದಾಗ ಶ್ವಾಸನಾಳವನ್ನು ಕೆಳಗೆ ಜಗ್ಗಿ ಗಂಟಲನ್ನು ಬಿಗಿಯಾಗಿ ಇಡುತ್ತಿತ್ತು. ಆ ಜಗ್ಗು ತಪ್ಪಿದಾಗ ಗಂಟಲು ಸಡಿಲವಾಗಿ ಬೇಗ ಮುಚ್ಚುತ್ತದೆ. ಜೊತೆಗೆ, ಕುಗ್ಗಿದ ಶ್ವಾಸಕೋಶದಲ್ಲಿ ಆಮ್ಲಜನಕದ ದಾಸ್ತಾನೂ ಕಡಿಮೆ. ಹಾಗಾಗಿ ಇಬ್ಬರಿಗೆ ಒಂದೇ ರೀತಿ 20 ಸೆಕೆಂಡು ಉಸಿರು ಕಟ್ಟಿದರೂ ಡೊಳ್ಳು ಹೊಟ್ಟೆಯವರ ರಕ್ತದಲ್ಲಿ ಆಮ್ಲಜನಕ ಬೇಗ ಇಳಿಯುತ್ತದೆ, ಹೆಚ್ಚು ಆಳಕ್ಕೆ ಇಳಿಯುತ್ತದೆ. ತಡೆಗಳನ್ನು ಎಣಿಸುವ ಎಎಚ್‌ಐಗೆ ಈ ಆಳ ಕಾಣುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ತೂಕಕ್ಕೂ ಆಪ್ನಿಯಾಗೂ ಇರುವ ನಂಟನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆದದ್ದು ಅಮೆರಿಕದ ವಿಸ್ಕಾನ್ಸಿನ್ ಅಧ್ಯಯನ. 2000ದಲ್ಲಿ ಪ್ರಕಟವಾದ ಅದರ ಲೆಕ್ಕದಂತೆ, ತೂಕ 10% ಏರಿದರೆ ಎಎಚ್‌ಐ ಸುಮಾರು 32% ಏರುತ್ತದೆ, ತೂಕ 10% ಇಳಿದರೆ ಎಎಚ್‌ಐ ಸುಮಾರು 26% ಇಳಿಯುತ್ತದೆ. ಏರುವಾಗಿನಷ್ಟು ವೇಗ ಇಳಿಯುವಾಗ ಇಲ್ಲ.

ನಂಟು ತಿರುಗಿಯೂ ಓಡುತ್ತದೆ. ನಿದ್ದೆ ಕೆಟ್ಟವರಿಗೆ ಹಗಲು ಹಸಿವು ಹೆಚ್ಚು, ನಡೆದಾಡುವ ಚೈತನ್ಯ ಕಡಿಮೆ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ರಕ್ತದಲ್ಲಿ ಧಾರಾಳವಾಗಿದ್ದರೂ ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಬೊಜ್ಜಿನಿಂದ ಆಪ್ನಿಯಾ, ಆಪ್ನಿಯಾದಿಂದ ಬೊಜ್ಜು. ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತಿದೆ.

ಇಳಿಯುವುದಕ್ಕಿಂತ ಏರಿಳಿಯುವುದೇ ಕೇಡು

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೂ ಬಂತು. 94ಕ್ಕಿಂತ ಕೆಳಗಿಳಿದರೆ ಭಯ ಎಂಬುದು ಎಲ್ಲರಿಗೂ ಬಾಯಿಪಾಠವಾಯಿತು. ತೀವ್ರ ಆಪ್ನಿಯಾದಲ್ಲಿ ಈ ಅಂಕಿ 80ರ ಆಸುಪಾಸಿಗೆ ಇಳಿದು, ಒಂದು ನಿಮಿಷದೊಳಗೆ 95ಕ್ಕೆ ಮರಳಿ, ಮತ್ತೆ ಇಳಿಯುತ್ತ ಇಡೀ ರಾತ್ರಿ ಗರಗಸದ ಹಲ್ಲಿನಂತೆ ಓಡಬಹುದು. ಬೆಳಿಗ್ಗೆ ಎದ್ದು ಆಕ್ಸಿಮೀಟರ್ ಹಾಕಿ ನೋಡಿದರೆ 97 ತೋರಿಸುತ್ತದೆ. ಎಚ್ಚರದಲ್ಲಿ ಗಂಟಲು ತೆರೆದಿರುವುದರಿಂದ ಆ 97ರಿಂದ ರಾತ್ರಿಯ ಬಗ್ಗೆ ಏನೂ ತಿಳಿಯದು.

ಲೇಹ್‌ನಂಥ ಎತ್ತರದ ಊರುಗಳಲ್ಲಿ ವಾಸಿಸುವವರಿಗೆ ಆಮ್ಲಜನಕ ಸದಾ ಕಡಿಮೆಯೇ. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಾದದ್ದನ್ನು ಜೀವಕೋಶ ಹೇಗೆ ಅರಿಯುತ್ತದೆ, ಎಚ್‌ಐಎಫ್ ಎಂಬ ಪ್ರೋಟೀನು ಹೇಗೆ ರಕ್ತಕಣಗಳನ್ನು ಹೆಚ್ಚಿಸಲು ಆಜ್ಞೆ ಕೊಡುತ್ತದೆ ಎಂಬುದನ್ನು ಕಂಡುಹಿಡಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ 2019ರಲ್ಲಿ ನೊಬೆಲ್ ಪಡೆದರು.

ಆಪ್ನಿಯಾದ ದಾರಿ ಬೇರೆ. ಇಲ್ಲಿ ಹೊಂದಿಕೊಳ್ಳಲು ಸಮಯವೇ ಇಲ್ಲ. ಇಳಿದ ಆಮ್ಲಜನಕ ಥಟ್ಟನೆ ಮರಳಿದಾಗ ಜೀವಕೋಶಗಳಲ್ಲಿ ಚುರುಕಾದ, ಹಾನಿಕರ ಆಮ್ಲಜನಕ ಕಣಗಳು ಹುಟ್ಟುತ್ತವೆ. ಹೃದಯಾಘಾತದಲ್ಲಿ ಮುಚ್ಚಿದ ರಕ್ತನಾಳ ತೆರೆದೊಡನೆ ಅಲ್ಲಿನ ಅಂಗಾಂಶಕ್ಕೆ ಆಗುವ ಪೆಟ್ಟಿಗೂ ಇದಕ್ಕೂ ಹೋಲಿಕೆಯಿದೆ. 2005ರಲ್ಲಿ ಡಬ್ಲಿನ್‌ನ ಸಂಶೋಧಕರು ಪ್ರಯೋಗಾಲಯದ ಜೀವಕೋಶಗಳಿಗೆ ಹೀಗೆ ಬಿಟ್ಟು ಬಿಟ್ಟು ಆಮ್ಲಜನಕ ತಪ್ಪಿಸಿ ನೋಡಿದರು. ಹೊಂದಾಣಿಕೆಯ ಎಚ್‌ಐಎಫ್ ದಾರಿಗಿಂತ, ಉರಿಯೂತವನ್ನು ಎಬ್ಬಿಸುವ ಎನ್‌ಎಫ್–ಕಪ್ಪಾ–ಬಿ ಎಂಬ ಸ್ವಿಚ್ಚೇ ಹೆಚ್ಚು ಚಾಲೂ ಆಗಿತ್ತು.

ಉರಿಯೂತ ಎಂದರೆ ಮೂಲತಃ ಗಾಯವಾದಾಗ ಕೆಂಪಾಗಿ, ಬಿಸಿಯಾಗಿ ಊದುವ ರಕ್ಷಣಾ ಕ್ರಿಯೆ. ಗಾಯ ಮಾಗಿದ ಮೇಲೆ ಅದು ಆರಬೇಕು. ಆರದೆ ಸಣ್ಣ ಕೆಂಡದಂತೆ ದೇಹದೊಳಗೆ ಉಳಿದರೆ ರಕ್ತನಾಳದ ಒಳಪದರ ಒರಟಾಗುತ್ತದೆ, ಇನ್ಸುಲಿನ್‌ನ ಕೆಲಸ ಕುಂಠಿತವಾಗುತ್ತದೆ. ಆ ಕೆಂಡವನ್ನು ರಕ್ತದಲ್ಲಿ ಅಳೆಯುವ ಒಂದು ಸಾಧನ ಸಿಆರ್‌ಪಿ. ಇದೂ ಕೋವಿಡ್ ಕಾಲದಲ್ಲಿ ಮನೆಮಾತಾದ ಪರೀಕ್ಷೆಯೇ. ಹೃದಯದ ಅಪಾಯವನ್ನು ಅಂದಾಜಿಸುವಾಗ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 3 ದಾಟಿದರೆ ಅಪಾಯ ಹೆಚ್ಚು ಎಂಬ ಲೆಕ್ಕವಿದೆ. ಆದರೆ ಶೀತವಾದರೂ, ಹಲ್ಲಿನ ಬುಡ ಕೀವಾದರೂ ಸಿಆರ್‌ಪಿ ಏರುತ್ತದೆ. ಒಂದೇ ಸಲದ ಅಂಕಿ ನೋಡಿ ಆಪ್ನಿಯಾವನ್ನು ದೂರುವಂತಿಲ್ಲ.

ಕೆಂಡ ಯಾವ ಒಲೆಯದು

ಆಪ್ನಿಯಾ ಇರುವವರಲ್ಲಿ ಸಿಆರ್‌ಪಿ ಹೆಚ್ಚಿರುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ವಿಜ್ಞಾನಿಗಳ ಜಗಳ ಅದರ ಕಾರಣದ ಬಗ್ಗೆ. ಒಂದು ಬಣ ರಾತ್ರಿಯ ಆಮ್ಲಜನಕದ ಏರಿಳಿತವನ್ನೇ ಕಾರಣವೆನ್ನುತ್ತದೆ. ಜೀವಕೋಶಗಳ ಮತ್ತು ಪ್ರಾಣಿಗಳ ಮೇಲಿನ ಪ್ರಯೋಗಗಳು ಅವರ ಪರವಾಗಿವೆ. ಇನ್ನೊಂದು ಬಣ ಕೇಳುವುದು ಸರಳ ಪ್ರಶ್ನೆ: ಆಪ್ನಿಯಾ ಇರುವ ಹೆಚ್ಚಿನವರು ದಪ್ಪಗಿದ್ದಾರಲ್ಲ, ಬೊಜ್ಜೇ ಉರಿಯೂತ ಉಂಟುಮಾಡುತ್ತದಲ್ಲ? ಕೊಬ್ಬಿನ ಅಂಗಾಂಶ ಬರೀ ಉಗ್ರಾಣವಲ್ಲ. ಅದು ಉಬ್ಬಿದಾಗ ಅಲ್ಲಿಗೆ ರೋಗನಿರೋಧಕ ಕಣಗಳು ಬಂದು ಸೇರುತ್ತವೆ, ಐಎಲ್–6ನಂಥ ರಾಸಾಯನಿಕ ಸಂದೇಶಗಳು ರಕ್ತಕ್ಕೆ ಹರಿಯುತ್ತವೆ, ಅದನ್ನು ಕೇಳಿಸಿಕೊಂಡ ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ಇಡೀ ಸರಪಳಿಗೆ ಗಂಟಲು ಮುಚ್ಚುವ ಅಗತ್ಯವೇ ಇಲ್ಲ.

ಈ ಜಗಳವನ್ನು ಬಗೆಹರಿಸಲು ದಾರಿಯೊಂದಿದೆ. ಬೊಜ್ಜೂ ಆಪ್ನಿಯಾವೂ ಎರಡೂ ಇರುವವರನ್ನು ಆರಿಸಿ ಕೆಲವರಲ್ಲಿ ಮಾಸ್ಕ್‌ನಿಂದ ಆಪ್ನಿಯಾವನ್ನು ಮಾತ್ರ ತಡೆಯುವುದು, ಕೆಲವರಲ್ಲಿ ತೂಕ ಮಾತ್ರ ಇಳಿಸುವುದು, ಉಳಿದವರಿಗೆ ಎರಡನ್ನೂ ಕೊಡುವುದು. ಪೆನ್ಸಿಲ್ವೇನಿಯಾದಲ್ಲಿ ಹೂಲಿಯೊ ಚಿರಿನೋಸ್ ಮತ್ತು ಸಂಗಡಿಗರು 181 ಜನರ ಮೇಲೆ 24 ವಾರ ಇದನ್ನೇ ಮಾಡಿ 2014ರಲ್ಲಿ ಪ್ರಕಟಿಸಿದರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ಅಧ್ಯಯನ ಇದು. ತೂಕ ಇಳಿಸಿದವರಲ್ಲಿ ಸಿಆರ್‌ಪಿ ಇಳಿಯಿತು. ಎರಡೂ ಪಡೆದವರಲ್ಲೂ ಇಳಿಯಿತು. ಬರೀ ಮಾಸ್ಕ್ ಹಾಕಿಕೊಂಡವರಲ್ಲಿ ಇಳಿಯಲಿಲ್ಲ. ತೂಕ ಇಳಿಸುವುದರ ಜೊತೆಗೆ ಮಾಸ್ಕ್ ಸೇರಿಸಿದ್ದರಿಂದ ಸಿಆರ್‌ಪಿ ಇನ್ನಷ್ಟೇನೂ ತಗ್ಗಲಿಲ್ಲ. ಇನ್ಸುಲಿನ್ ಪ್ರತಿರೋಧ, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್‌ಗಳ ಕಥೆಯೂ ಹೆಚ್ಚು ಕಡಿಮೆ ಇದೇ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮಾಲ್ಕಮ್ ಕೋಹ್ಲರ್ ತಂಡ ಉಲ್ಟಾ ದಾರಿ ಹಿಡಿಯಿತು. ಮಾಸ್ಕ್‌ಗೆ ಒಗ್ಗಿದ್ದ 41 ಮಂದಿಯಲ್ಲಿ ಒಂದು ಗುಂಪಿಗೆ ಎರಡು ವಾರ ಚಿಕಿತ್ಸೆ ನಿಲ್ಲಿಸಿ ನೋಡಿತು. ಆಪ್ನಿಯಾ ಮರಳಿತು. ಬೆಳಗಿನ ಸಿಸ್ಟೋಲಿಕ್ (ಮೇಲಿನ ಅಂಕಿಯ) ರಕ್ತದೊತ್ತಡ 8.5ರಷ್ಟು ಏರಿತು, ನಾಡಿಬಡಿತ ಏರಿತು, ಒತ್ತಡದ ಹಾರ್ಮೋನುಗಳು ಏರಿದವು, ರಕ್ತನಾಳದ ಒಳಪದರದ ಕೆಲಸ ಕೆಟ್ಟಿತು. ರಕ್ತದಲ್ಲಿನ ಉರಿಯೂತದ ಸೂಚಕಗಳಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಕಾಣಲಿಲ್ಲ.

ಎರಡನ್ನೂ ಜೊತೆಗಿಟ್ಟು ನೋಡಿದರೆ ಚಿತ್ರ ತಿಳಿಯಾಗುತ್ತದೆ. ರಕ್ತದಲ್ಲಿ ಅಳೆಯುವ ಸಿಆರ್‌ಪಿ ಬಹುಪಾಲು ಬೊಜ್ಜಿನ ಒಲೆಯ ಕೆಂಡ. ರಕ್ತದೊತ್ತಡ, ನಾಡಿ, ರಕ್ತನಾಳದ ಬಿಗಿತ ಇವು ಉಸಿರುಗಟ್ಟುವ ರಾತ್ರಿಗಳ ನೇರ ಪೆಟ್ಟು. ಹಾಗೆಂದು ಆಮ್ಲಜನಕದ ಏರಿಳಿತಕ್ಕೂ ಉರಿಯೂತಕ್ಕೂ ಸಂಬಂಧವೇ ಇಲ್ಲ ಎಂದು ತೀರ್ಮಾನಿಸುವುದು ದುಡುಕು. ಸಿಆರ್‌ಪಿ ಒಂದೇ ಅಳತೆಗೋಲಲ್ಲ. ರಕ್ತನಾಳದ ಗೋಡೆಯಲ್ಲಿ ಅಥವಾ ಕೊಬ್ಬಿನ ಅಂಗಾಂಶದಲ್ಲೇ ನಡೆಯುವ ಉರಿಯೂತ ಯಕೃತ್ತಿನ ಈ ಲೆಕ್ಕಪುಸ್ತಕದಲ್ಲಿ ಪೂರ್ತಿ ದಾಖಲಾಗುವುದಿಲ್ಲ. ಉಬ್ಬಿದ ಕೊಬ್ಬಿಗೆ ಮೊದಲೇ ರಕ್ತಪೂರೈಕೆ ಸಾಲದು, ಅಲ್ಲಿ ಆಮ್ಲಜನಕ ಕಡಿಮೆ. ರಾತ್ರಿಯ ಇಳಿತ ಅದರ ಮೇಲೆ ಬಂದು ಬೀಳುತ್ತದೆ. ಅಂದರೆ ತೂಕ ಮತ್ತು ಆಮ್ಲಜನಕ ಸಂಧಿಸುವ ಜಾಗ ಬಹುಶಃ ಆ ಕೊಬ್ಬೇ.

‘ಹಾಗಾದರೆ ಮಲಗುವಾಗ ಆಮ್ಲಜನಕವನ್ನೇ ಕೊಟ್ಟರಾಯಿತಲ್ಲ’ ಎಂಬ ಪ್ರಶ್ನೆ ಸಹಜ. ಅದನ್ನೂ ನೋಡಿದ್ದಾರೆ. 2014ರ ಹಾರ್ಟ್‌ಬೀಟ್ ಅಧ್ಯಯನದಲ್ಲಿ ಮಾಸ್ಕ್ ರಕ್ತದೊತ್ತಡವನ್ನು ಇಳಿಸಿತು, ರಾತ್ರಿ ಆಮ್ಲಜನಕ ಪಡೆದವರಲ್ಲಿ ಅದು ಇಳಿಯಲಿಲ್ಲ. ಮಾಸ್ಕ್ ನಿಲ್ಲಿಸಿದವರಿಗೆ ಆಮ್ಲಜನಕ ಕೊಟ್ಟು ನೋಡಿದ ಇನ್ನೊಂದು ಸಣ್ಣ ಅಧ್ಯಯನದಲ್ಲಿ ರಕ್ತದೊತ್ತಡದ ಏರಿಕೆ ಬಹುತೇಕ ತಪ್ಪಿತು. ಎರಡು ಉತ್ತರಗಳೂ ಒಂದಕ್ಕೊಂದು ಹೊಂದುವುದಿಲ್ಲ, ಚರ್ಚೆ ಮುಗಿದಿಲ್ಲ.

ಮಾಸ್ಕ್ ಹೃದಯವನ್ನು ಕಾಯಲಿಲ್ಲವೇ

2016ರಲ್ಲಿ ಬಂದ ಸೇವ್ ಅಧ್ಯಯನ ಬಹಳ ಜನರನ್ನು ಕಂಗೆಡಿಸಿತು. ಭಾರತವೂ ಸೇರಿ ಏಳು ದೇಶಗಳಲ್ಲಿ, ಈಗಾಗಲೇ ಹೃದಯದ ಇಲ್ಲವೇ ಮಿದುಳಿನ ರಕ್ತನಾಳದ ಕಾಯಿಲೆ ಇದ್ದ 2,700ಕ್ಕೂ ಹೆಚ್ಚು ಆಪ್ನಿಯಾ ರೋಗಿಗಳನ್ನು ಸರಾಸರಿ 3.7 ವರ್ಷ ಹಿಂಬಾಲಿಸಲಾಯಿತು. ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳು ಮಾಸ್ಕ್ ಪಡೆದವರಲ್ಲಿ 17%, ಪಡೆಯದವರಲ್ಲಿ 15.4%. ಲಾಭವಿಲ್ಲ.

ಇದನ್ನು ಓದಿ ಮಾಸ್ಕ್ ನಿರುಪಯೋಗಿ ಎಂದವರಿದ್ದಾರೆ. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ನೋಡಬೇಕು. ಮಾಸ್ಕ್ ಪಡೆದವರು ಅದನ್ನು ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಅರ್ಧ ರಾತ್ರಿ ಗಂಟಲು ಮುಚ್ಚುತ್ತಲೇ ಇತ್ತು. ಬೆಳಗಿನ ಜಾವ ಕನಸಿನ ನಿದ್ದೆ ಹೆಚ್ಚು, ಆಗಲೇ ಹಲವರಲ್ಲಿ ಆಪ್ನಿಯಾ ಜೋರು, ಮಾಸ್ಕ್ ಅಷ್ಟೊತ್ತಿಗೆ ದಿಂಬಿನ ಪಕ್ಕದಲ್ಲಿ. ಜೊತೆಗೆ, ವಿಪರೀತ ತೂಕಡಿಕೆ ಇದ್ದವರನ್ನು ಮತ್ತು ಆಮ್ಲಜನಕ ತೀರಾ ಇಳಿಯುತ್ತಿದ್ದವರನ್ನು ಚಿಕಿತ್ಸೆಯಿಲ್ಲದೆ ಬಿಡುವುದು ಸರಿಯಲ್ಲವೆಂದು ಅಧ್ಯಯನಕ್ಕೇ ಸೇರಿಸಿರಲಿಲ್ಲ. ಹೆಚ್ಚು ಲಾಭವಾಗಬಹುದಾಗಿದ್ದವರೇ ಹೊರಗುಳಿದರು. ಇಂಥ ಮೂರು ಅಧ್ಯಯನಗಳ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2023ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ರಾತ್ರಿಗೆ ನಾಲ್ಕು ಗಂಟೆಗಿಂತ ಹೆಚ್ಚು ಮಾಸ್ಕ್ ಹಾಕಿಕೊಂಡವರಲ್ಲಿ ಮರುಘಟನೆಗಳು ಸುಮಾರು 31% ಕಡಿಮೆಯಿದ್ದವು. ತಪ್ಪದೆ ಮಾಸ್ಕ್ ಹಾಕುವವರು ಮಾತ್ರೆಯನ್ನೂ ತಪ್ಪಿಸುವುದಿಲ್ಲ, ನಡಿಗೆಯನ್ನೂ ತಪ್ಪಿಸುವುದಿಲ್ಲ, ಹಾಗಾಗಿ ಇಡೀ ಶ್ರೇಯಸ್ಸನ್ನು ಯಂತ್ರಕ್ಕೆ ಕೊಡುವಂತಿಲ್ಲ.

ಇಲ್ಲಿ ಎಎಚ್‌ಐನ ಕುರುಡುತನವೂ ಸೇರುತ್ತದೆ. ಎಷ್ಟು ಸಲ ಉಸಿರು ಕಟ್ಟಿತು ಎಂಬುದರ ಬದಲು, ಪ್ರತಿ ಸಲ ಆಮ್ಲಜನಕ ಎಷ್ಟು ಆಳಕ್ಕಿಳಿದು ಎಷ್ಟು ಹೊತ್ತು ಅಲ್ಲಿತ್ತು ಎಂಬುದನ್ನು ಕೂಡಿಸುವ ‘ಆಮ್ಲಜನಕ ಕೊರತೆಯ ಹೊರೆ’ ಎಂಬ ಲೆಕ್ಕವನ್ನು 2019ರಲ್ಲಿ ಮುಂದಿಟ್ಟರು. ಹೃದಯದ ಕಾಯಿಲೆಯಿಂದ ಆಗುವ ಸಾವನ್ನು ಅದು ಎಎಚ್‌ಐಗಿಂತ ಚೆನ್ನಾಗಿ ಸೂಚಿಸಿತು. ಇನ್ನೊಂದು ಕಹಿ ಸಂಗತಿ: ಮಾಸ್ಕ್ ಹಾಕಿದವರ ತೂಕ ಇಳಿಯುವುದಿಲ್ಲ, ಸರಾಸರಿಯಲ್ಲಿ ಸ್ವಲ್ಪ ಏರುತ್ತದೆ. ರಾತ್ರಿಯಿಡೀ ಉಸಿರಿಗಾಗಿ ಹೆಣಗುವಾಗ ಖರ್ಚಾಗುತ್ತಿದ್ದ ಶಕ್ತಿ ಈಗ ಉಳಿಯುತ್ತದೆ ಎಂಬುದು ಒಂದು ವಿವರಣೆ. ಉಸಿರು ಸರಿಹೋದರೂ ಬೊಜ್ಜಿನ ಕೆಂಡ ಆರದಿರುವುದಕ್ಕೆ ಕಾರಣ ಇಲ್ಲೇ ಇದೆ.

ಚುಚ್ಚುಮದ್ದು ತೋರಿಸಿದ್ದು ಮತ್ತು ತೋರಿಸದೆ ಇದ್ದದ್ದು

ಎಫ್‌ಡಿಎ ಒಪ್ಪಿಗೆಗೆ ಆಧಾರವಾದದ್ದು ಅತುಲ್ ಮಲ್ಹೋತ್ರಾ ನೇತೃತ್ವದ ಸರ್ಮೌಂಟ್–ಒಎಸ್‌ಎ ಅಧ್ಯಯನ. 2024ರ ಜೂನ್‌ನಲ್ಲಿ ಪ್ರಕಟವಾದ ಇದರಲ್ಲಿ 469 ಮಂದಿ ಇದ್ದರು, ಮಾಸ್ಕ್ ಬಳಸದವರು ಒಂದು ಗುಂಪು, ಬಳಸುವವರು ಇನ್ನೊಂದು. ಒಂದು ವರ್ಷದಲ್ಲಿ ಮದ್ದು ಪಡೆದವರ ತೂಕ ಸರಾಸರಿ 18ರಿಂದ 20% ಇಳಿಯಿತು. ಮಾಸ್ಕ್ ಬಳಸದವರಲ್ಲಿ ಎಎಚ್‌ಐ 51ರ ಸುಮಾರಿನಿಂದ 25ರಷ್ಟು ಕಡಿಮೆಯಾಯಿತು. ಹುಸಿಮದ್ದು ಪಡೆದವರಲ್ಲಿ ಅದು ಕಡಿಮೆಯಾದದ್ದು 5ರಷ್ಟು. ಆಮ್ಲಜನಕ ಕೊರತೆಯ ಹೊರೆ, ಸಿಆರ್‌ಪಿ, ರಕ್ತದೊತ್ತಡ ಮೂರೂ ತಗ್ಗಿದವು. ಎರಡು ಎಳೆಗಳು ಒಟ್ಟಿಗೆ ಸಡಿಲಗೊಂಡದ್ದು ಇದರ ದೊಡ್ಡ ಸಾಧನೆ. ಅದನ್ನು ಕಡಿಮೆ ಎನ್ನಲಾಗದು.

ಆದರೆ ಕಳೆಯುವ ಲೆಕ್ಕವನ್ನು ಪೂರ್ತಿ ಮಾಡಿ. 51ರಲ್ಲಿ 25 ಹೋದರೆ ಉಳಿಯುವುದು 26. ಅದು ಇನ್ನೂ ಮಧ್ಯಮ ಮಟ್ಟದ ಆಪ್ನಿಯಾ, ಗಂಟೆಗೆ 26 ಸಲ ಉಸಿರು ಕಟ್ಟುವುದು. ಕಾಯಿಲೆ ಸಹಜಕ್ಕೆ ಬಂದವರು, ಅಥವಾ ಲಕ್ಷಣಗಳಿಲ್ಲದಷ್ಟು ಸೌಮ್ಯವಾದವರು, ಮೊದಲ ಗುಂಪಿನಲ್ಲಿ ಸುಮಾರು 42%, ಎರಡನೆಯದರಲ್ಲಿ ಸುಮಾರು 50%. ಉಳಿದ ಅರ್ಧದಷ್ಟು ಜನ ತೆಳ್ಳಗಾಗಿದ್ದರೂ ಅವರ ಗಂಟಲು ರಾತ್ರಿ ಮುಚ್ಚುತ್ತಲೇ ಇತ್ತು. ‘ಗೊರಕೆಗೆ ಇಂಜೆಕ್ಷನ್’ ಎಂಬ ಸುದ್ದಿಯಲ್ಲಿ ಬಿಟ್ಟುಹೋಗಿರುವುದು ಈ ಅರ್ಧ. ಎಫ್‌ಡಿಎ ಕೂಡ ಮದ್ದನ್ನು ಕಡಿಮೆ ಕ್ಯಾಲೊರಿಯ ಆಹಾರ ಮತ್ತು ವ್ಯಾಯಾಮದ ಜೊತೆಗೆ, ಬೊಜ್ಜೂ ಇರುವ ಮಧ್ಯಮ ಅಥವಾ ತೀವ್ರ ಆಪ್ನಿಯಾದವರಿಗೆ ಮಾತ್ರ ಎಂದು ಹೇಳಿದೆ.

ಮದ್ದು ಹೃದಯಾಘಾತ ತಪ್ಪಿಸುತ್ತದೆಯೇ ಎಂಬುದನ್ನು ಒಂದು ವರ್ಷದ ಈ ಅಧ್ಯಯನ ನೋಡಲಿಲ್ಲ. ಮಧುಮೇಹ ಇರುವವರನ್ನೂ ಸೇರಿಸಿರಲಿಲ್ಲ. ನಮ್ಮಲ್ಲಿ ಆಪ್ನಿಯಾ, ಬೊಜ್ಜು, ಸಕ್ಕರೆ ಕಾಯಿಲೆ ಮೂರೂ ಒಬ್ಬರಲ್ಲೇ ಇರುವುದು ಎಷ್ಟು ಸಾಮಾನ್ಯ ಎಂದು ಯೋಚಿಸಿದರೆ, ಇದು ಸಣ್ಣ ಬಿಟ್ಟುಹೋಗುವಿಕೆಯಲ್ಲ.

ನಮ್ಮ ಹೊಟ್ಟೆ, ನಮ್ಮ ದವಡೆ

ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರಿಗೆ ಆಪ್ನಿಯಾ ಇದೆ. ಅವರಲ್ಲಿ 4.7 ಕೋಟಿ ಜನರದು ಮಧ್ಯಮ ಅಥವಾ ತೀವ್ರ. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ವೈದ್ಯರು ಈ ಕಾಯಿಲೆಯ ಹೆಸರು ಹೇಳಿದ್ದರು. ಹಲವರು ಅದನ್ನು ಮೊದಲ ಸಲ ಕೇಳಿದ್ದು ಆಗಲೇ.

ಸರ್ಮೌಂಟ್–ಒಎಸ್‌ಎ ಅಧ್ಯಯನಕ್ಕೆ ಸೇರಲು ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕನಿಷ್ಠ 30 ಇರಬೇಕಿತ್ತು. ಜಪಾನಿನವರಿಗೆ ಮಾತ್ರ 27 ಸಾಕೆಂದಿದ್ದರು. ಸೇರಿದವರ ಸರಾಸರಿ 39. ಭಾರತೀಯರಿಗೆ ವೈದ್ಯರು ಬಳಸುವ ಮಿತಿಯಂತೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. 168 ಸೆಂಟಿಮೀಟರ್ ಎತ್ತರದ, 73 ಕೆ.ಜಿ. ತೂಕದ ಗಂಡಸನ್ನು ಊಹಿಸಿಕೊಳ್ಳಿ. ಅವರ ಬಿಎಂಐ ಹತ್ತಿರ ಹತ್ತಿರ 26. ಕೈಕಾಲು ಸಣ್ಣ, ಹೊಟ್ಟೆ ಮುಂದೆ, ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದೆ. ನೆಂಟರ ಕಣ್ಣಿಗೆ ಅವರು ದಪ್ಪಗಿಲ್ಲ, ‘ಸ್ವಲ್ಪ ಹೊಟ್ಟೆ ಬಂದಿದೆ’ ಅಷ್ಟೇ. ಆದರೆ ವಪೆಯನ್ನು ಮೇಲೆ ತಳ್ಳುವುದೂ ಉರಿಯೂತದ ಸಂದೇಶಗಳನ್ನು ಹರಿಸುವುದೂ ಆ ಹೊಟ್ಟೆಯೊಳಗಿನ ಕೊಬ್ಬೇ. ಆ ಅಧ್ಯಯನದಲ್ಲಿ ಇವರಂಥವರು ಇರಲೇ ಇಲ್ಲ.

ಅದರ ಜೊತೆಗೆ ದವಡೆ. ಏಷ್ಯಾದ ಹಲವರಲ್ಲಿ ಕೆಳದವಡೆ ಚಿಕ್ಕದು ಅಥವಾ ಹಿಂದೆ ಸರಿದದ್ದು. ಚಿಕ್ಕ ಡಬ್ಬಿಯಲ್ಲಿ ನಾಲಿಗೆ ತುರುಕಿದಂತಾಗಿ, ತೂಕ ಹೆಚ್ಚಿಲ್ಲದಿದ್ದರೂ ಗಂಟಲಿನ ದಾರಿ ಕಿರಿದು. ಇವರಿಗೆ ಕರಗಿಸಲು ಹೆಚ್ಚು ಕೊಬ್ಬೇ ಇಲ್ಲದಿರುವಾಗ ಚುಚ್ಚುಮದ್ದು ಏನನ್ನು ಸರಿಪಡಿಸಬೇಕು? ಇವರಿಗೆ ಮಾಸ್ಕ್, ದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ, ಕೆಲವರಿಗೆ ಶಸ್ತ್ರಚಿಕಿತ್ಸೆ, ಇವೇ ದಾರಿ.

ಹೆಂಗಸರ ವಿಷಯದಲ್ಲಿ ತೊಡಕು ಇನ್ನೊಂದು. ಮುಟ್ಟು ನಿಂತ ಮೇಲೆ ಅವರಲ್ಲಿ ಆಪ್ನಿಯಾ ಹೆಚ್ಚುತ್ತದೆ. ಆದರೆ ಜೋರು ಗೊರಕೆಗಿಂತ ನಿದ್ದೆ ಬಾರದಿರುವುದು, ಬೆಳಗಿನ ತಲೆನೋವು, ಹಗಲಿಡೀ ಸುಸ್ತು ಹೀಗೆ ಕಾಣಿಸಿಕೊಳ್ಳುವುದರಿಂದ ರಕ್ತಹೀನತೆ, ಥೈರಾಯ್ಡ್, ಮನಸ್ಸಿನ ಬೇಸರ ಎಂದು ಬೇರೆ ಬೇರೆ ಬಾಗಿಲು ತಟ್ಟುತ್ತ ವರ್ಷಗಳು ಕಳೆಯುತ್ತವೆ.

ಮುಂದೆ ಆಗಬಹುದಾದದ್ದು

ಮೊದಲ ಪರಿಣಾಮ ಮಾಸ್ಕ್ ಮೂಲೆ ಸೇರುವುದು. ಮೂರು ನಾಲ್ಕು ತಿಂಗಳಲ್ಲಿ ಪ್ಯಾಂಟು ಸಡಿಲವಾಗಿ, ಗೊರಕೆಯ ಸದ್ದು ತಗ್ಗಿದಾಗ ಯಂತ್ರ ಬೇಡವೆನಿಸುವುದು ಸಹಜ. ಗೊರಕೆ ತಗ್ಗಿತೆಂದರೆ ತಡೆ ನಿಂತಿತೆಂದಲ್ಲ. ತೂಕ ಗಣನೀಯವಾಗಿ ಇಳಿದ ಮೇಲೆ ನಿದ್ದೆಯಲ್ಲಿ ಉಸಿರು, ಆಮ್ಲಜನಕಗಳನ್ನು ಅಳೆಯುವ ಸ್ಲೀಪ್ ಸ್ಟಡಿಯನ್ನು ಮತ್ತೆ ಮಾಡಿಸಿ, ಎಎಚ್‌ಐ ಜೊತೆಗೆ ಆಮ್ಲಜನಕ ಎಲ್ಲಿಯವರೆಗೆ ಇಳಿಯಿತು, 90ಕ್ಕಿಂತ ಕೆಳಗೆ ಎಷ್ಟು ನಿಮಿಷ ಇತ್ತು ಎಂಬುದನ್ನೂ ನೋಡಿಯೇ ವೈದ್ಯರು ಮಾಸ್ಕ್ ಬಿಡಿಸಬೇಕು. ಮನೆಯಲ್ಲೇ ಮಾಡುವ ಪರೀಕ್ಷೆಗಳು ಈಗ ಲಭ್ಯವಿದ್ದು, ಆಸ್ಪತ್ರೆಯಲ್ಲಿ ರಾತ್ರಿ ಕಳೆಯಬೇಕೆಂಬ ಅಳುಕು ಹಲವರಿಗೆ ಇಲ್ಲವಾಗಿದೆ.

ಎರಡನೆಯದು ಖರ್ಚು, ಅದರಿಂದ ಬರುವ ಅರ್ಧಕ್ಕೆ ನಿಲ್ಲಿಸುವ ಚಾಳಿ. ಮೌಂಜಾರೊ ಬಿಡುಗಡೆಯಾದಾಗ ವಾರದ ಒಂದು ವಯಲ್‌ಗೆ 2.5 ಮಿಲಿಗ್ರಾಂಗೆ 3,500 ರೂಪಾಯಿ, 5 ಮಿಲಿಗ್ರಾಂಗೆ 4,375 ರೂಪಾಯಿ ಇತ್ತು. ತಿಂಗಳಿಗೆ 14,000ದಿಂದ 17,500. ಮಧ್ಯಮ ವರ್ಗದ ಮನೆಯಲ್ಲಿ ಇದು ಎಷ್ಟು ತಿಂಗಳು ನಡೆದೀತು? ಮದ್ದು ನಿಲ್ಲಿಸಿದರೆ ಏನಾಗುತ್ತದೆಂದು ಸರ್ಮೌಂಟ್–4 ಅಧ್ಯಯನ ತೋರಿಸಿದೆ. 36 ವಾರದಲ್ಲಿ ಸುಮಾರು 21% ತೂಕ ಇಳಿಸಿಕೊಂಡವರು ಮದ್ದು ನಿಲ್ಲಿಸಿದ ಮುಂದಿನ ಒಂದು ವರ್ಷದಲ್ಲಿ ಸರಾಸರಿ 14% ಮತ್ತೆ ಏರಿಸಿಕೊಂಡರು. ತೂಕ ಮರಳಿದರೆ ನಾಲಿಗೆಗೂ ಹೊಟ್ಟೆಗೂ ಕೊಬ್ಬು ಮರಳುತ್ತದೆ, ರಾತ್ರಿಯ ಗರಗಸವೂ ಮರಳುತ್ತದೆ. ಅಷ್ಟರಲ್ಲಿ ಮಾಸ್ಕ್ ಯಾರಿಗೋ ಮಾರಿಯಾಗಿರುತ್ತದೆ.

ತೂಕ ಇಳಿಸುವ ಸೆಮಾಗ್ಲುಟೈಡ್ ಎಂಬ ಇನ್ನೊಂದು ಮದ್ದಿನ ಪೇಟೆಂಟ್ ಅವಧಿ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ, ಆ ಬಳಿಕ ಅಗ್ಗದ ತಯಾರಿಕೆಗಳಿಗೆ ದಾರಿ. ಬಡವರಿಗೂ ಎಟುಕುವುದಾದರೆ ಅದು ಒಳ್ಳೆಯದೇ. ಆದರೆ ಎಫ್‌ಡಿಎ ಆಪ್ನಿಯಾಗೆ ಒಪ್ಪಿಗೆ ಕೊಟ್ಟದ್ದು ಟಿರ್ಜೆಪಟೈಡ್‌ಗೆ, ಸೆಮಾಗ್ಲುಟೈಡ್‌ಗೆ ಅಲ್ಲ. ಇಂಥ ಮದ್ದುಗಳಿಂದ ಇಳಿಯುವ ತೂಕದಲ್ಲಿ ಕಾಲು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕೊಬ್ಬಲ್ಲ, ಸ್ನಾಯುವೂ ಸೇರಿದಂತೆ ಇತರ ಅಂಗಾಂಶ. ಮೊದಲೇ ಸ್ನಾಯು ಕಡಿಮೆಯಿರುವ, ಅನ್ನವೇ ಮುಖ್ಯ ಊಟವಾದ ನಮ್ಮವರಿಗೆ ಬೇಳೆಕಾಳು, ಮೊಟ್ಟೆ, ಭಾರ ಎತ್ತುವ ವ್ಯಾಯಾಮ ಜೊತೆಗಿಲ್ಲದಿದ್ದರೆ ಇಳಿದ ತೂಕ ಬಲವನ್ನೂ ಕೊಂಡೊಯ್ಯುತ್ತದೆ. ಶಸ್ತ್ರಚಿಕಿತ್ಸೆಗೆ ಹೋಗುವವರು ಅರಿವಳಿಕೆ ಕೊಡುವ ವೈದ್ಯರಿಗೆ ಎರಡು ವಿಷಯ ಮರೆಯದೆ ಹೇಳಬೇಕು: ಆಪ್ನಿಯಾ ಇದೆ, ಈ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದೇನೆ. ಮೊದಲನೆಯದು ಉಸಿರಿನ ಅಪಾಯ. ಎರಡನೆಯದು ಹೊಟ್ಟೆ ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತದೆ, ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರಬಹುದು.

ಮದ್ದಿಲ್ಲದೆ ತೂಕ ಇಳಿಸಿದವರ ಕಥೆಯನ್ನೂ ಇಲ್ಲಿ ಸೇರಿಸಬೇಕು. ಅಮೆರಿಕದ ಸ್ಲೀಪ್ ಅಹೆಡ್ ಅಧ್ಯಯನದಲ್ಲಿ ಟೈಪ್ 2 ಮಧುಮೇಹವೂ ಆಪ್ನಿಯಾವೂ ಇದ್ದ 264 ಮಂದಿ ಇದ್ದರು. ಊಟ ಮತ್ತು ನಡಿಗೆಯ ಕಟ್ಟುನಿಟ್ಟಿನ ಕ್ರಮ ಅನುಸರಿಸಿದವರು ಮೊದಲ ವರ್ಷ ಸುಮಾರು 11 ಕೆ.ಜಿ. ಇಳಿಸಿದರು. ಹತ್ತು ವರ್ಷದ ಹೊತ್ತಿಗೆ ಅದರಲ್ಲಿ ಒಂದಷ್ಟು ಮರಳಿತ್ತು. ಆದರೂ ಆಪ್ನಿಯಾದಿಂದ ಪೂರ್ತಿ ಹೊರಬಂದವರು ಆ ಗುಂಪಿನಲ್ಲಿ ಸುಮಾರು 34%, ಬರೀ ತಿಳಿವಳಿಕೆ ಪಡೆದ ಗುಂಪಿನಲ್ಲಿ 22%. ಮರಳಿದ ತೂಕದ ಜೊತೆ ಆಪ್ನಿಯಾ ಅಷ್ಟೇ ಪ್ರಮಾಣದಲ್ಲಿ ಮರಳಲಿಲ್ಲ, ಲಾಭದ ಒಂದು ಪಾಲು ತೂಕದ ಲೆಕ್ಕಕ್ಕೆ ಸಿಗಲಿಲ್ಲ. ಕೊಬ್ಬು ಮರಳುವಾಗ ನಾಲಿಗೆಗಿಂತ ಬೇರೆಡೆ ಹೋಯಿತೇ, ವ್ಯಾಯಾಮದಿಂದ ಗಂಟಲಿನ ಸ್ನಾಯುಗಳೇ ಗಟ್ಟಿಯಾದವೇ, ಕೆಂಡ ಆರಿದ್ದರಿಂದ ನರಗಳ ಹಿಡಿತ ಸುಧಾರಿಸಿತೇ? ತಕ್ಕಡಿಯ ಮೇಲೆ ನಿಂತು ಇದಕ್ಕೆ ಉತ್ತರ ಹುಡುಕಲಾಗದು. ತಕ್ಕಡಿ ಅಳೆಯುವುದು ಮೂರು ಎಳೆಗಳಲ್ಲಿ ಒಂದನ್ನು ಮಾತ್ರ.